ದುಡಿಯುವವರು ಉಣ್ಣುವ ಕಡೆ: ದೊಡ್ಡ ಊರಿನಲ್ಲಿ ನಮ್ಮ ಹೋಟೆಲನ್ನು ಕಂಡುಕೊಳ್ಳುವ ಬಗೆ

(ಹಾಸನದಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳ ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಇನ್ನು ಕೆಲವೇ ತಿಂಗಳಲ್ಲಿ ಕೆಲಸಕ್ಕೋ ಮುಂದಿನ ಓದಿಗೋ ಹಾಸನವನ್ನು ಬಿಟ್ಟು ಹೊರಡುವವರು. ಹೆಚ್ಚಿನವರು ಬೆಂಗಳೂರಿಗೆ ಹೋಗುತ್ತೀರಿ, ಕೆಲವರು ಹೈದರಾಬಾದ್, ಚೆನ್ನೈ, ಪುಣೆ, ಮುಂಬೈಗಳಿಗೆ ಹೋಗುತ್ತೀರಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೂಲಕ ರೈಲು ಓಡತೊಡಗಿದ ಮೇಲೆ ಬೆಂಗಳೂರು ನಮಗೆ ಇನ್ನಷ್ಟು ಹತ್ತಿರವಾಗಿದೆ. ಶನಿವಾರ ರಾತ್ರಿ ಊರಿಗೆ ಬಂದು ಸೋಮವಾರ ನಸುಕಿಗೆ ಹಿಂತಿರುಗುವ ಮಕ್ಕಳ ಚೀಲಕ್ಕೆ ತಾಯಂದಿರು ಚಟ್ನಿಪುಡಿ, ಉಪ್ಪಿನಕಾಯಿ, ಒಂದಿಷ್ಟು ಅಕ್ಕಿ ರೊಟ್ಟಿ ಹಾಕಿ ಕಳಿಸುತ್ತಾರೆ. ರೊಟ್ಟಿ ಮಂಗಳವಾರಕ್ಕೆ ಮುಗಿಯುತ್ತದೆ. ಆಮೇಲಿನ ದಿನಗಳಲ್ಲಿ ಬೆಳಗಿನ ತಿಂಡಿಯೂ ರಾತ್ರಿಯ ಊಟವೂ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಕೈಗಳ ಮೇಲೆ ನಿಂತಿರುತ್ತವೆ. ಬಾಡಿಗೆ ಮನೆ ಹುಡುಕುವುದಕ್ಕೆ, ಕೆಲಸ ಹುಡುಕುವುದಕ್ಕೆ ನಾವು ಮಕ್ಕಳಿಗೆ ನೂರು ಬುದ್ಧಿಮಾತು ಹೇಳುತ್ತೇವೆ. ಆದರೆ ದಿನಕ್ಕೆ ಎರಡು ಮೂರು ಬಾರಿ ಎದುರಾಗುವ ಊಟದ ಪ್ರಶ್ನೆಗೆ ಮಾತ್ರ ‘ಒಳ್ಳೇ ಹೋಟೆಲ್ ನೋಡಿ ತಿನ್ನು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಒಳ್ಳೆಯ ಹೋಟೆಲನ್ನು ನೋಡುವುದು ಹೇಗೆ ಎಂಬುದೇ ಇವತ್ತಿನ ನನ್ನ ವಿಷಯ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಒಂದು ಊರಿನಲ್ಲಿ ಯಾರು, ಯಾವ ಹೊತ್ತಿನಲ್ಲಿ, ದಿನವೂ ಮನೆಯ ಹೊರಗೆ ಉಣ್ಣಲೇಬೇಕಾಗಿದೆ ಎಂಬುದನ್ನು ಮೊದಲು ಗುರುತಿಸಿ. ಒಳ್ಳೆಯ ಊಟ ಅವರ ಆಸುಪಾಸಿನಲ್ಲೇ ಇರುತ್ತದೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೊರಗೆ ಉಣ್ಣುವವನಿಗೆ ದೀಪ, ಕುರ್ಚಿ, ಗೋಡೆಯ ಬಣ್ಣ ಎಲ್ಲವೂ ಸೇರಿ ಒಂದು ಅನುಭವವಾಗುತ್ತದೆ. ದಿನವೂ ಹೊರಗೆ ಉಣ್ಣುವವನಿಗೆ ಹಾಗಲ್ಲ, ಅವನಿಗೆ ಅನ್ನ ಬಿಸಿಯಾಗಿರಬೇಕು, ಸಾರು ಹೊಟ್ಟೆ ಕೆಡಿಸಬಾರದು, ಬೆಲೆ ತಿಂಗಳ ಕೊನೆಯಲ್ಲೂ ಕೈಗೆಟುಕಬೇಕು. ಅಂಥ ಗಿರಾಕಿಯನ್ನು ನಂಬಿಕೊಂಡ ಅಡುಗೆಯವರು ಇವತ್ತು ಹಳಸಿದ್ದನ್ನು ಬಡಿಸಿ ನಾಳೆ ಅಂಗಡಿ ತೆರೆಯಲಾರರು.

ಇದನ್ನು ಪರೀಕ್ಷಿಸಿ ನೋಡಲು ಬೆಂಗಳೂರಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ನಮ್ಮ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬಂದಿಳಿಯುವ ದಿನಗಳನ್ನು ನೆನಪಿಸಿಕೊಳ್ಳಿ. ಮೂಟೆ ಹೊರುವ ಹಮಾಲರು, ಲಾರಿಯ ಚಾಲಕರು, ಹಳ್ಳಿಗಳಿಂದ ಬೆಳಗಿನ ಜಾವಕ್ಕೇ ಹೊರಟು ಬಂದ ರೈತರು ಅಲ್ಲಿ ಸೇರಿರುತ್ತಾರೆ. ಅವರಿಗೆ ಒಂಬತ್ತು ಗಂಟೆಯ ತಿಂಡಿ ಪ್ರಯೋಜನವಿಲ್ಲ, ಆರೂವರೆಗೇ ಹೊಟ್ಟೆಗೆ ಗಟ್ಟಿಯಾದದ್ದೇನಾದರೂ ಬೀಳಬೇಕು. ವರ್ಷವಿಡೀ ಅಂಥವರಿಗೇ ಬೇಯಿಸಿಕೊಂಡು ಬಂದಿರುವ ಕ್ಯಾಂಟೀನಿನ ಇಡ್ಲಿಗೂ, ಹಾಸನಾಂಬೆಯ ಬಾಗಿಲು ತೆರೆದಿರುವ ಕೆಲವೇ ದಿನಗಳಿಗಾಗಿ ಎಲ್ಲಿಂದಲೋ ಬಂದು ಡೇರೆ ಹಾಕಿದ ಅಂಗಡಿಯ ಇಡ್ಲಿಗೂ ವ್ಯತ್ಯಾಸವಿರುತ್ತದೆ. ಡೇರೆಯ ಅಂಗಡಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಅವರಲ್ಲಿಯೂ ಶ್ರದ್ಧೆಯಿಂದ ಬೇಯಿಸುವವರಿದ್ದಾರೆ. ಆದರೆ ದೇವಿಯ ದರ್ಶನ ಮುಗಿಸಿ ಹೋದ ಭಕ್ತರು ಮತ್ತೆ ಬರುವುದು ಮುಂದಿನ ವರ್ಷ, ಆ ಹೊತ್ತಿಗೆ ಅಂಗಡಿ ಅದೇ ಜಾಗದಲ್ಲಿ ಇರುತ್ತದೆಂಬ ಖಾತ್ರಿಯೂ ಇಲ್ಲ. ಗಿರಾಕಿಯ ಮುಖವನ್ನು ನಾಳೆ ಮತ್ತೆ ನೋಡಬೇಕಾದ ಒತ್ತಾಯ ಅಲ್ಲಿಲ್ಲ.

ದೊಡ್ಡ ಊರುಗಳ ಹೆಸರಾದ ಹೋಟೆಲುಗಳ ಚರಿತ್ರೆಯನ್ನು ತೆಗೆದು ನೋಡಿದರೂ ಇದೇ ಕಾಣುತ್ತದೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದಾಗ ಅದು ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರಿಗಾಗಿ ತೆರೆದ ಸಣ್ಣ ತಿಂಡಿಮನೆಯಾಗಿತ್ತು, ಹೆಸರೇ ಅದನ್ನು ಹೇಳುತ್ತದೆ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು, ಎಂ.ಟಿ.ಆರ್. ಎಂದು ಇಡೀ ನಾಡಿಗೆ ಪರಿಚಯವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸಲಾರದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವೆಂದು ಆ ಹೋಟೆಲಿನವರು ಹೇಳಿಕೊಂಡು ಬಂದಿದ್ದಾರೆ. ರವೆ ಇಡ್ಲಿಯನ್ನು ಇವತ್ತು ನಾವು ವಿಶೇಷ ತಿಂಡಿಯೆಂದು ಹುಡುಕಿಕೊಂಡು ಹೋಗುತ್ತೇವೆ, ಆದರೆ ಅದರ ಹಿಂದೆ ಇರುವುದು ಬೆಳಗ್ಗೆ ತಪ್ಪದೆ ಬಾಗಿಲಿಗೆ ಬರುವವರಿಗೆ ಏನನ್ನು ಬಡಿಸುವುದು ಎಂಬ ಚಿಂತೆ.

ಮಾಂಸಾಹಾರದ ಕಡೆಗೆ ಬಂದರೆ, ಬೆಂಗಳೂರಿನ ಮಿಲಿಟರಿ ಹೋಟೆಲುಗಳು ಪೇಟೆಯ ಭಾಗದಲ್ಲಿ ಬೆಳೆದವು. ಅವುಗಳಲ್ಲಿ ಹಲವನ್ನು ಮರಾಠಾ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲು 1908ರಿಂದ ನಡೆಯುತ್ತಿದೆ. ಸುತ್ತಮುತ್ತ ಮಂಡಿಗಳು, ಗೋದಾಮುಗಳು, ಮಾರುಕಟ್ಟೆ. ಹೊತ್ತು ಮೂಡುವ ಮುನ್ನ ಕೆಲಸ ಶುರುಮಾಡಿ ಹನ್ನೊಂದು ಗಂಟೆಗೆಲ್ಲ ಅರ್ಧ ದಿನದ ಶ್ರಮ ಮುಗಿಸಿದವನಿಗೆ ಕಾಲು ಸೂಪು, ಮುದ್ದೆ, ದೊನ್ನೆಯಲ್ಲಿ ಬಿರಿಯಾನಿ ಎಲ್ಲವೂ ಹೊತ್ತಿಗೆ ಮುಂಚೆಯೇ ಸಿದ್ಧವಾಗಿರಬೇಕಿತ್ತು. ಅದೇ ರೀತಿ ಮೆಜೆಸ್ಟಿಕ್ ಮತ್ತು ಗಾಂಧಿನಗರದ ಸುತ್ತ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ರಾತ್ರಿ ಬಸ್ಸಿನಲ್ಲಿ ಕೋರ್ಟಿಗೋ ಕಚೇರಿಗೋ ಆಸ್ಪತ್ರೆಗೋ ಬಂದಿಳಿದವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಲ್ಲದಿದ್ದರೆ ಊಟ ಮಾಡಿದಂತಾಗುವುದಿಲ್ಲ. ವಿಜಯಪುರದಿಂದಲೋ ಬಾಗಲಕೋಟೆಯಿಂದಲೋ ಬಂದವರು ಒಂದು ತುತ್ತು ಬಾಯಿಗಿಟ್ಟ ಕೂಡಲೇ ರೊಟ್ಟಿ ಸರಿಯಿದೆಯೇ ಇಲ್ಲವೇ ಎಂದು ಹೇಳಬಲ್ಲರು. ಅಂಥ ನಾಲಗೆಗಳ ಎದುರು ದಿನವೂ ನಿಲ್ಲುವ ಖಾನಾವಳಿಗೆ ನಾವು ಹಾಸನದವರು ಹೋದರೆ ಅವರು ಗಳಿಸಿಕೊಟ್ಟ ಗುಣಮಟ್ಟ ನಮಗೂ ದಕ್ಕುತ್ತದೆ.

1980ರ ದಶಕದಲ್ಲಿ ಜಯನಗರದಲ್ಲಿ ಆರಂಭವಾಗಿ ಊರೆಲ್ಲ ಹಬ್ಬಿದ ದರ್ಶಿನಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಬಹುತೇಕರ ಮೊದಲ ವರ್ಷ ಅಲ್ಲಿಯೇ ಕಳೆಯುತ್ತದೆ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡು, ಕೌಂಟರಿನಲ್ಲಿ ತಟ್ಟೆ ಪಡೆದು, ನಿಂತೇ ತಿಂದು ಹೊರಡುವ ಈ ಪದ್ಧತಿಯನ್ನು ಅವಸರದ ಊಟವೆಂದು ಕೆಲವರು ಹಗುರವಾಗಿ ಕಾಣುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕುಳಿತುಕೊಳ್ಳುವ ಜಾಗಕ್ಕೆ, ಬಡಿಸುವವರಿಗೆ ಹೋಗುವ ಖರ್ಚು ಅಲ್ಲಿ ಉಳಿಯುತ್ತದೆ. ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುವುದರಿಂದ ಬೆಳಗಿನ ಎರಡು ಗಂಟೆಗಳಲ್ಲಿ ಪಾತ್ರೆ ಮತ್ತೆ ಮತ್ತೆ ಬರಿದಾಗಿ ಮತ್ತೆ ಮತ್ತೆ ತುಂಬುತ್ತದೆ. ಇಡ್ಲಿಯಾಗಲಿ ಖಾರಾಬಾತ್ ಆಗಲಿ ಬೇಗ ಖಾಲಿಯಾಗುವ ಕಡೆ ತಾಜಾ ಇರುತ್ತದೆ ಎಂಬುದಕ್ಕಿಂತ ದೊಡ್ಡ ಭರವಸೆ ಹೊರಗಿನ ಊಟದಲ್ಲಿ ಇನ್ನೊಂದಿಲ್ಲ. ಮತ್ತೊಂದು ಮಾತನ್ನು ಇಲ್ಲಿರುವ ಹೆಣ್ಣುಮಕ್ಕಳಿಗಾಗಿ ಹೇಳುತ್ತೇನೆ. ಒಬ್ಬಂಟಿಯಾಗಿ ಹೋಟೆಲಿಗೆ ಹೋದ ಯುವತಿಯನ್ನು ಮೂಲೆಯ ಫ್ಯಾಮಿಲಿ ರೂಮಿಗೆ ಕಳಿಸಿ, ಸುತ್ತಲಿನವರೆಲ್ಲ ತಿರುಗಿ ನೋಡುವ ಹಿಂಸೆ ದರ್ಶಿನಿಯಲ್ಲಿ ಇಲ್ಲ. ಆಫೀಸಿಗೆ ಹೊರಟ ಹೆಂಗಸರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಕಾಲೇಜಿನ ಹುಡುಗಿಯರು ಎಲ್ಲರೂ ಒಂದೇ ಎತ್ತರದ ಮೇಜಿನ ಸುತ್ತ ನಿಂತು ತಿನ್ನುತ್ತಾರೆ. ಹೊಸ ಬಡಾವಣೆಗೆ ಹೋದಾಗ, ಹೆಂಗಸರು ಒಂಟಿಯಾಗಿ ಬಂದು ನಿರಾತಂಕವಾಗಿ ತಿಂದು ಹೋಗುತ್ತಿರುವ ಜಾಗ ಯಾವುದೆಂದು ಮೊದಲು ನೋಡಿಕೊಳ್ಳಿ. ಅಲ್ಲಿನ ಬೆಳಕು, ನಡವಳಿಕೆ, ಶುಚಿತ್ವ ಮೂರಕ್ಕೂ ಅವರ ಹಾಜರಿಯೇ ಸಾಕ್ಷಿ.

ಬೇರೆ ರಾಜ್ಯಗಳಿಗೆ ಹೋಗುವವರಿಗೂ ಇದೇ ದಾರಿ ಉಪಯೋಗಕ್ಕೆ ಬರುತ್ತದೆ. ಮುಂಬೈಯ ಮಾಟುಂಗಾದಲ್ಲಿ ದಕ್ಷಿಣದ ಊಟ ಅಷ್ಟು ಚೆನ್ನಾಗಿ ಬೇರೂರಲು ಕಾರಣ, ಗುಮಾಸ್ತರಾಗಿ, ಟೈಪಿಸ್ಟರಾಗಿ, ರೈಲ್ವೆ ನೌಕರರಾಗಿ ಹೋದ ನಮ್ಮವರು ಅಲ್ಲಿ ಕೋಣೆ ಹಿಡಿದು ಉಳಿದದ್ದು. ರಾಮ ನಾಯಕರ ಉಡಿಪಿ ಶ್ರೀ ಕೃಷ್ಣ ಬೋರ್ಡಿಂಗ್ 1942ರಿಂದ ಮಾಟುಂಗಾ ನಿಲ್ದಾಣದ ಮಗ್ಗುಲಲ್ಲೇ ಎಲೆ ಹಾಕಿ ಬಡಿಸುತ್ತಿದೆ. ಚೆನ್ನೈನ ಟ್ರಿಪ್ಲಿಕೇನಿನಲ್ಲಿ ‘ಮ್ಯಾನ್ಷನ್’ ಎಂದು ಕರೆಯುವ ವಸತಿಗೃಹಗಳು ಸಾಲುಸಾಲಾಗಿವೆ, ಕೆಲಸ ಹುಡುಕಿಕೊಂಡು ಬಂದ ಅವಿವಾಹಿತ ಯುವಕರು ಅಲ್ಲಿ ತಂಗುತ್ತಾರೆ. ಅಡುಗೆಮನೆಯಿಲ್ಲದ ಆ ಕೋಣೆಗಳ ಕೆಳಗೆ ಮೆಸ್ಸುಗಳು ಹುಟ್ಟದೆ ಇರಲು ಸಾಧ್ಯವೇ ಇರಲಿಲ್ಲ. ದೆಹಲಿಗೆ ಹೋದವರು ಆಂಧ್ರ ಸರ್ಕಾರದ ಅತಿಥಿಗೃಹವಾದ ಆಂಧ್ರ ಭವನದ ಕ್ಯಾಂಟೀನಿನ ಊಟವನ್ನು ಹೊಗಳದೆ ಹಿಂತಿರುಗುವುದು ಅಪರೂಪ. ತಮ್ಮ ಊರಿನ ಅಧಿಕಾರಿಗಳಿಗೆ, ಕೆಲಸದ ಮೇಲೆ ಬಂದ ತಮ್ಮವರಿಗೆ ಬಡಿಸುವ ಜಾಗದಲ್ಲಿ ಪಪ್ಪು, ಗೊಂಗೂರ, ಪುಡಿ ತಪ್ಪುವಂತಿಲ್ಲ.

ಕೋಲ್ಕತ್ತಾದ ‘ಪೈಸ್ ಹೋಟೆಲ್’ಗಳದು ಇನ್ನೂ ಸ್ವಾರಸ್ಯಕರ. ಹಳೆಯ ಕಾಲದಲ್ಲಿ ಬಡ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಕೆಲವೇ ಪೈಸೆಗಳಿಗೆ ಅನ್ನ, ಬೇಳೆ, ಮೀನು ಬಡಿಸಲು ಶುರುವಾದ ಈ ಊಟದ ಮನೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಅನ್ನಕ್ಕೆ ಇಷ್ಟು, ಮೀನಿನ ತುಂಡಿಗೆ ಇಷ್ಟು, ಬಾಳೆಯೆಲೆಗೂ ಇಷ್ಟು ಎಂದು ಬೇರೆಯಾಗಿ ಹಿಡಿಯುವ ಪದ್ಧತಿ ಹಲವು ಕಡೆ ಇನ್ನೂ ಉಳಿದಿದೆ. ಮೊದಲ ಸಲ ಕಂಡವರಿಗೆ ಎಲೆಗೂ ದುಡ್ಡೇ ಎಂದು ಬೇಸರವಾಗಬಹುದು. ಆದರೆ ಕೈಯಲ್ಲಿ ಎಷ್ಟು ಇದೆಯೋ ಅಷ್ಟಕ್ಕೆ ಮರ್ಯಾದೆಯಿಂದ ಕುಳಿತು ಉಣ್ಣುವ ಅವಕಾಶವನ್ನು ಆ ಲೆಕ್ಕವೇ ಕೊಡುತ್ತದೆ. ತಿಂಗಳ ಕೊನೆಯಲ್ಲಿ ಅನ್ನ, ಬೇಳೆಗೆ ನಿಲ್ಲಿಸಿ ಏಳುವವನನ್ನು ಅಲ್ಲಿ ಯಾರೂ ಕೀಳಾಗಿ ನೋಡುವುದಿಲ್ಲ.

ಹಳೆಯ ಹೋಟೆಲುಗಳ ಕತೆಯೇ ಇಷ್ಟಾಯಿತೆಂದು ಹೊಸತನ್ನು ಮರೆಯಬಾರದು. ವೈಟ್‌ಫೀಲ್ಡ್, ಬೆಳ್ಳಂದೂರು ಮೊದಲಾದ ಕಡೆ ಐ.ಟಿ. ಕಟ್ಟಡಗಳ ಹಿಂದಿನ ಓಣಿಗಳಲ್ಲಿ ಬಂಗಾಳ, ಒಡಿಶಾ, ಅಸ್ಸಾಂ, ಬಿಹಾರಗಳಿಂದ ಬಂದ ಕಾರ್ಮಿಕರಿಗಾಗಿ ತೆರೆದ ತಗಡು ಸೂರಿನ ಸಣ್ಣ ಹೋಟೆಲುಗಳಿವೆ. ಸಾಸಿವೆ ಎಣ್ಣೆಯಲ್ಲಿ ಮಾಡಿದ ಮೀನಿನ ಸಾರು, ಲಿಟ್ಟಿ ಚೋಖಾ, ಬಿಸಿ ಅನ್ನ ಅಲ್ಲಿ ಸಿಗುತ್ತವೆ. ಬೋರ್ಡು ಕನ್ನಡದಲ್ಲಿ ಇರದೆ ಹೋಗಬಹುದು, ಬೋರ್ಡೇ ಇರದೆಯೂ ಹೋಗಬಹುದು. ಹಿಂದೆ ಮಯ್ಯರು, ನಾಯಕರು ಪರವೂರಿಗೆ ಹೋಗಿ ತಮ್ಮವರಿಗಾಗಿ ಒಲೆ ಹೂಡಿದ ಹಾಗೆ ಇವರೂ ಹೂಡಿದ್ದಾರೆ. ಅವರ ಊಟವನ್ನು ಗೌರವದಿಂದ ಕಾಣುವುದು ನಮ್ಮ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಇನ್ನು ಹೊತ್ತಿನ ವಿಚಾರ. ಒಂದೇ ಹೋಟೆಲು ಬೆಳಗ್ಗೆ ಎಂಟಕ್ಕೆ ಒಂದು ಥರ, ಹನ್ನೊಂದೂವರೆಗೆ ಇನ್ನೊಂದು ಥರ. ಇದನ್ನು ಅರಿಯಲು ದೋಸೆಯ ಕಾವಲಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಒಂದು ಸಾಲು ದೋಸೆ ಎತ್ತಿದ ಕೂಡಲೇ ಭಟ್ಟರು ಕಾವಲಿಗೆ ನೀರು ಚಿಮುಕಿಸುತ್ತಾರೆ. ಚುರ್ ಎಂದು ಆವಿ ಏಳುತ್ತದೆ, ಆ ಸದ್ದಿನಿಂದಲೇ ಕಾವು ಎಷ್ಟಿದೆ ಎಂದು ಅವರಿಗೆ ತಿಳಿಯುತ್ತದೆ. ಉಳಿದ ನೀರನ್ನೂ ಹಿಂದಿನ ದೋಸೆಯ ಚೂರುಗಳನ್ನೂ ಮೋಟು ಪೊರಕೆಯಿಂದ ಒಂದೇ ಎಳೆತಕ್ಕೆ ಗುಡಿಸಿ, ಸಾಲಾಗಿ ಹಿಟ್ಟು ಹೊಯ್ದು, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಹರಡುತ್ತಾರೆ. ನೀರು ಬಿದ್ದು ಮೇಲ್ಮೈಯ ಕಾವು ತುಸು ಇಳಿದಿರುವುದರಿಂದ ಹಿಟ್ಟು ಬಿದ್ದಲ್ಲೇ ಕಚ್ಚಿಕೊಳ್ಳದೆ ಸಮನಾಗಿ ಹರಡುತ್ತದೆ. ಕೆಳಗೆ ಉರಿ ಜೋರಾಗಿಯೇ ಇರುವುದರಿಂದ ಕ್ಷಣದಲ್ಲಿ ಕಾವು ಮತ್ತೆ ಏರಿ ತಳ ಕೆಂಪಗೆ ಗರಿಯಾಗುತ್ತದೆ. ಸಾಲಿನ ಮೇಲೆ ಸಾಲು ದೋಸೆ ಬೀಳುತ್ತಿರುವವರೆಗೆ ಈ ಏರಿಳಿತ ಒಂದು ಹದದಲ್ಲಿ ನಡೆಯುತ್ತದೆ. ಜನ ಕಡಿಮೆಯಾದಾಗ ಗ್ಯಾಸ್ ಉಳಿಸಲು ಉರಿ ತಗ್ಗಿಸುತ್ತಾರೆ. ಆಮೇಲೆ ಒಂಟಿಯಾಗಿ ಬಂದವನ ದೋಸೆ ಅದೇ ಹಿಟ್ಟಿನದಾದರೂ ಬಿಳಿಚಿಕೊಂಡು ಮೆತ್ತಗಾಗಿ ಬರುತ್ತದೆ. ಹಿಟ್ಟೂ ಅಷ್ಟು ಹೊತ್ತಿಗೆ ಹುಳಿ ಏರಿರುತ್ತದೆ. ಆದ್ದರಿಂದ ಸಾಲು ಕಂಡು ಹಿಂತಿರುಗಬೇಡಿ. ದೋಸೆಯ ವಿಷಯದಲ್ಲಿ ಸಾಲಿನಲ್ಲಿ ನಿಂತು ತಿನ್ನುವುದೇ ಸರಿಯಾದ ಕ್ರಮ.

ಅನ್ನದ ಊಟಕ್ಕೆ ಇದು ಹಿಂದುಮುಂದಾಗಿ ಅನ್ವಯಿಸುತ್ತದೆ. ಮೊದಲ ಪಂಕ್ತಿಗೆ, ಹನ್ನೆರಡೂವರೆಯ ಸುಮಾರಿಗೆ ಹೋದರೆ ಪಲ್ಯ, ಸಾರು, ಅನ್ನ ಆಗತಾನೆ ಇಳಿದಿರುತ್ತವೆ. ಮೂರು ಗಂಟೆಗೆ ಹೋಗಿ ತಣ್ಣಗಿನ ಪಲ್ಯ ತಿಂದು ಹೋಟೆಲನ್ನು ಬೈಯುವುದು ನ್ಯಾಯವಲ್ಲ. ಸಂಜೆ ನಾಲ್ಕರ ಸುಮಾರಿಗೆ ಹಲವು ಹೋಟೆಲುಗಳಲ್ಲಿ ಹೊಸದಾಗಿ ಡಿಕಾಕ್ಷನ್ ಇಳಿಸುತ್ತಾರೆ, ಸಕಲೇಶಪುರ ಚಿಕ್ಕಮಗಳೂರು ಕಡೆಯ ಕಾಫಿ ಕುಡಿದು ಬೆಳೆದ ನಮ್ಮ ನಾಲಗೆಗೆ ಆ ಹೊತ್ತಿನ ಕಾಫಿ ಸೇರುತ್ತದೆ.

ಏನು ಸಿಗುತ್ತದೆ ಎಂಬ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಇಷ್ಟನ್ನೇ ಹೆಚ್ಚುಕಮ್ಮಿ ನಂಬಿಕೊಂಡಿದೆ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿಯನ್ನು ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಇಡ್ಲಿಯಿಂದ ಗೋಬಿ ಮಂಚೂರಿಯವರೆಗೆ, ಪಾವ್ ಭಾಜಿಯಿಂದ ನೂಡಲ್ಸ್‌ವರೆಗೆ ನಾಲ್ಕು ಪುಟದ ಕಾರ್ಡು ಇರುವ ಕಡೆ ಅದರಲ್ಲಿ ಎಷ್ಟೋ ಪದಾರ್ಥಗಳು ದಿನಗಟ್ಟಲೆ ಫ್ರಿಜ್ಜಿನಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತವೆ. ಅಂಥ ಹೋಟೆಲಿಗೆ ಹೋಗಲೇಬೇಕಾಗಿ ಬಂದರೆ ಸುತ್ತಲಿನ ಮೇಜುಗಳ ಮೇಲೆ ಯಾವ ತಟ್ಟೆ ಹೆಚ್ಚಾಗಿ ಕಾಣುತ್ತದೆಯೋ ಅದನ್ನೇ ತರಿಸಿಕೊಳ್ಳಿ.

ವಿಚಾರಿಸುವ ರೀತಿಗೂ ಬಹಳ ಬೆಲೆಯಿದೆ. ಆಟೋದವರನ್ನು ‘ಅಣ್ಣಾ, ಇಲ್ಲಿ ಒಳ್ಳೇ ಹೋಟೆಲ್ ಯಾವುದು?’ ಎಂದು ಕೇಳಿದರೆ ಅವರು ನಿಮ್ಮ ಬಟ್ಟೆಬರೆ ನೋಡಿ, ಇವರಿಗೆ ಇದು ಸರಿಹೋಗಬಹುದು ಎಂದು ಒಂದು ಎ.ಸಿ. ಹೋಟೆಲಿನ ಹೆಸರು ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ, ಆದರೆ ತಾವೇ ಅಲ್ಲಿ ತಿಂದಿರುವುದಿಲ್ಲ. ‘ಅಣ್ಣಾ, ನೀವು ಬೆಳಗ್ಗೆ ಎಲ್ಲಿ ತಿಂಡಿ ತಿಂತೀರಾ?’ ಎಂದು ಕೇಳಿ ನೋಡಿ. ಉತ್ತರ ಬೇರೆಯಾಗಿ ಬರುತ್ತದೆ, ಜೊತೆಗೆ ‘ಎಂಟೂವರೆ ಒಳಗೆ ಹೋಗಿ, ಆಮೇಲೆ ವಡೆ ಇರಲ್ಲ’ ಎಂಬ ವಿವರವೂ ಸೇರಿ ಬರುತ್ತದೆ. ಹೂವಿನ ಮಾರುಕಟ್ಟೆಯವರು, ಆಸ್ಪತ್ರೆಯ ನರ್ಸುಗಳು, ಬಿ.ಎಂ.ಟಿ.ಸಿ.ಯ ನಿರ್ವಾಹಕರು, ಬ್ಯಾಂಕಿನ ಕಾವಲುಗಾರರು ಇವರೆಲ್ಲ ಊಟದ ವಿಷಯದಲ್ಲಿ ಊರಿನ ನಿಜವಾದ ತಿಳಿವಳಿಕೆ ಉಳ್ಳವರು. ಈಚೆಗೆ ಇವರ ಜೊತೆ ಡೆಲಿವರಿ ಹುಡುಗರೂ ಸೇರಿದ್ದಾರೆ. ಊರಿನ ಎಲ್ಲ ಅಡುಗೆಮನೆಗಳ ಹಿಂಬಾಗಿಲನ್ನು ದಿನವೂ ಕಾಣುವವರು ಅವರು. ಮಧ್ಯಾಹ್ನ ಮೂರರ ಬಿಡುವಿನಲ್ಲಿ ಅವರ ಗಾಡಿಗಳು ಸಾಲಾಗಿ ನಿಂತಿರುವ ಕಡೆ ಹೊಟ್ಟೆ ತುಂಬುವ ಊಟ ಸಿಗುತ್ತದೆ.

ಫೋನಿನ ಆ್ಯಪುಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಅದು ಆಗದ ಮಾತು. ಆದರೆ ನಕ್ಷತ್ರಗಳ ಸರಾಸರಿಯಲ್ಲಿ, ಒಂದೇ ಒಂದು ಸಲ ಬಂದು ಹೋದವನ ಮಾತಿಗೂ ಇಪ್ಪತ್ತು ವರ್ಷದಿಂದ ತಿನ್ನುತ್ತಿರುವವನ ಮಾತಿಗೂ ಒಂದೇ ತೂಕ. ಇಪ್ಪತ್ತು ವರ್ಷದಿಂದ ತಿನ್ನುತ್ತಿರುವವನು ಬಹುಮಟ್ಟಿಗೆ ಏನನ್ನೂ ಬರೆದೇ ಇರುವುದಿಲ್ಲ. ಅಂಕಿಗಿಂತ ಬರಹವನ್ನು ನೋಡಿ, ಬರಹಕ್ಕಿಂತ ಫೋಟೋಗಳನ್ನು ನೋಡಿ. ‘ಕೂರಲು ಜಾಗವಿಲ್ಲ, ಬೇಗ ಏಳಿಸುತ್ತಾರೆ, ಹತ್ತು ಗಂಟೆಗೆ ಖಾಲಿ’ ಎಂಬ ದೂರುಗಳಿರುವ ಕಡೆ ತಿಂಡಿ ಚೆನ್ನಾಗಿರುತ್ತದೆಂದು ಊಹಿಸಬಹುದು. ‘ಹೊಟ್ಟೆ ಕೆಟ್ಟಿತು’ ಎಂಬ ದೂರು ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬಂದಿದ್ದರೆ ಆ ಕಡೆ ಹೋಗಬೇಡಿ. ಮನೆಗೆ ತರಿಸುವಾಗ ಇನ್ನೊಂದು ಎಚ್ಚರ ಬೇಕು. ಒಂದೇ ಅಡುಗೆಮನೆ ಐದಾರು ಹೆಸರುಗಳಲ್ಲಿ ಬಿರಿಯಾನಿಯನ್ನೂ ಪರೋಟವನ್ನೂ ಚೈನೀಸನ್ನೂ ಮಾರುವುದುಂಟು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆಯನ್ನೂ ವಿಳಾಸವನ್ನೂ ನೋಡಿದರೆ ಇದು ಗೊತ್ತಾಗುತ್ತದೆ.

ಶುಚಿತ್ವದ ವಿಷಯದಲ್ಲಿ ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಬೀದಿಯ ಗಾಡಿಯೆಂದರೆ ಕೊಳಕು, ಗಾಜಿನ ಬಾಗಿಲಿನ ಹೋಟೆಲೆಂದರೆ ಶುಚಿ ಎಂಬ ಎಣಿಕೆ ಮಾತ್ರ ಸರಿಯಲ್ಲ. ಗಾಡಿಯಲ್ಲಿ ಎಲ್ಲವೂ ನಿಮ್ಮ ಕಣ್ಣೆದುರೇ ನಡೆಯುತ್ತದೆ, ಹೋಟೆಲಿನ ಅಡುಗೆಮನೆ ಗೋಡೆಯ ಹಿಂದಿರುತ್ತದೆ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದಾಗ ಕ್ರಿಮಿಗಳು ಬೆಳೆಯುವುದಿಲ್ಲ. ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟಾಗ ಅವು ಹೆಚ್ಚುತ್ತವೆ. ಆದ್ದರಿಂದ ಹಬೆಯಾಡುವ ಇಡ್ಲಿ, ಆಗಷ್ಟೇ ಎಣ್ಣೆಯಿಂದ ಎತ್ತಿದ ಬಜ್ಜಿ ಬಹುಪಾಲು ಅಪಾಯವಿಲ್ಲದವು. ಅಪಾಯ ಹೆಚ್ಚಾಗಿ ಇರುವುದು ಬೇಯದೆ ಸೇರುವ ವಸ್ತುಗಳಲ್ಲಿ, ಎಂದರೆ ಕುಡಿಯುವ ನೀರು, ಪಾನಿಪುರಿಯ ಪಾನಿ, ಹೆಚ್ಚಿಟ್ಟ ಈರುಳ್ಳಿ, ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೆ ಹೊರಗಿಟ್ಟ ಕಾಯಿ ಚಟ್ನಿ. ಎಣ್ಣೆಯ ವಿಷಯದಲ್ಲಿ ಕಾನೂನೇ ಇದೆ: 2018ರ ಜುಲೈನಿಂದ, ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಎಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು, ಶೇಕಡ 25 ಮೀರಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ನಾವು ಮಾಪಕ ಹಿಡಿದು ಹೋಗಲಾರೆವು. ಆದರೆ ಬಾಣಲೆಯ ಎಣ್ಣೆ ಕಪ್ಪಾಗಿ, ಜಿಡ್ಡಾಗಿ, ವಡೆ ಬಿಟ್ಟಾಗ ಒಡೆಯದ ನೊರೆ ತುಂಬಿಕೊಂಡು, ಮೂಗಿಗೆ ಘಾಟು ಹೊಡೆಯುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

ಬೀದಿಯ ತಿಂಡಿಯ ಮಾತು ಬಂದಾಗ ವಿಶ್ವೇಶ್ವರಪುರದ ತಿಂಡಿ ಬೀದಿಯನ್ನು ಹೇಳದೆ ಮುಂದೆ ಹೋಗಲಾಗದು. ಸಜ್ಜನರಾವ್ ವೃತ್ತದ ಬಳಿಯ ಆ ಬೀದಿ ಸಂಜೆಯ ನಂತರ ಹೋಳಿಗೆ, ಪಡ್ಡು, ದೋಸೆ, ಬಜ್ಜಿಗಳಿಂದ ತುಂಬುತ್ತದೆ. ಅಲ್ಲಿಗೆ ಹೋಗಬೇಕಾದ ಕಾಲ ಡಿಸೆಂಬರ್, ಜನವರಿ. ಸೊಗಡು ಅವರೆ ಇಳಿಯುವ ಆ ದಿನಗಳಲ್ಲಿ ಅವರೆಕಾಳಿನ ದೋಸೆ, ಉಪ್ಪಿಟ್ಟು, ಹಿದುಕಿದ ಬೇಳೆಯ ಸಾರು ಎಲ್ಲವೂ ಸಿಗುತ್ತವೆ. ಊರಿನಲ್ಲಿ ಅಜ್ಜಿ ಅವರೆಕಾಳು ಹಿದುಕುತ್ತಾ ಕುಳಿತಿದ್ದನ್ನು ಕಂಡವರಿಗೆ ಅದರ ಪರಿಮಳವೇ ಸಾಕು. ವರ್ಷದ ಉಳಿದ ದಿನಗಳಲ್ಲಿ ಹೊರಗಿನಿಂದ ನೋಡಲು ಬಂದವರೇ ಅಲ್ಲಿ ಹೆಚ್ಚು, ಆದ್ದರಿಂದ ಅಂಗಡಿಯಿಂದ ಅಂಗಡಿಗೆ ಗುಣ ವ್ಯತ್ಯಾಸವಾಗುತ್ತದೆ.

ತಳ್ಳುಗಾಡಿಯವರ ಬಗ್ಗೆ ಒಂದು ಸಂಗತಿಯನ್ನು ನೀವು ತಿಳಿದಿರಬೇಕು. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಸಮೀಕ್ಷೆ ನಡೆಸಿ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಪ್ರಮಾಣಪತ್ರ ಕೊಡಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಊಟದ ಗುಣಕ್ಕೂ ಈ ಕಾಯ್ದೆಗೂ ನೇರ ಸಂಬಂಧವಿದೆ. ಒಂದೇ ಮೂಲೆಯಲ್ಲಿ ವರ್ಷಗಟ್ಟಲೆ ನಿಲ್ಲಬಲ್ಲೆ ಎಂಬ ಧೈರ್ಯವಿರುವವರು ಒಳ್ಳೆಯ ಪಾತ್ರೆ, ಒಳ್ಳೆಯ ಎಣ್ಣೆ, ಶುದ್ಧ ನೀರಿನ ಕ್ಯಾನಿಗೆ ದುಡ್ಡು ಹಾಕುತ್ತಾರೆ. ನಾಳೆ ಗಾಡಿಯನ್ನೇ ಎತ್ತಿಕೊಂಡು ಹೋಗುತ್ತಾರೋ ಏನೋ ಎಂಬ ಭಯದಲ್ಲಿರುವವರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ರಸ್ತೆ ಅಗಲಿಸುವಾಗಲೂ ಮೆಟ್ರೋ ಕಟ್ಟುವಾಗಲೂ ಮೊದಲು ಮಾಯವಾಗುವುದು ಇಂಥ ಗಾಡಿಗಳೇ. ಅವುಗಳ ಜೊತೆಗೆ ರಾತ್ರಿ ಪಾಳಿಯ ನೂರಾರು ಮಂದಿಯ ಊಟವೂ ಹೋಗುತ್ತದೆ ಎಂಬುದನ್ನು ಯೋಜನೆ ಮಾಡುವವರು ಗಮನಿಸಬೇಕು.

ಕೊನೆಯದಾಗಿ, ಮೆಚ್ಚಿನ ಹೋಟೆಲು ಎನ್ನುವುದು ಮೊದಲ ಭೇಟಿಯಲ್ಲೇ ಆಗುವಂಥದ್ದಲ್ಲ. ವಾರಕ್ಕೊಂದು ಹೊಸ ಜಾಗ ನೋಡುವ ಹುಮ್ಮಸ್ಸು ಚೆಂದವೇ, ಆದರೆ ಅದರ ನಡುವೆ ಒಂದೆರಡು ಕಡೆಗೆ ಅದೇ ಹೊತ್ತಿಗೆ ಮತ್ತೆ ಮತ್ತೆ ಹೋಗಿ. ಒಂದು ದಿನ ಸಪ್ಲೈಯರ್ ಕೇಳದೆಯೇ ಸಕ್ಕರೆ ಕಡಿಮೆ ಹಾಕಿದ ಕಾಫಿ ತಂದಿಡುತ್ತಾರೆ. ಇನ್ನೊಂದು ದಿನ ‘ಇವತ್ತು ಸಾಗು ಬೇಡ ಸರ್, ಪಲ್ಯ ತಗೊಳ್ಳಿ’ ಎಂದು ಮೆಲ್ಲಗೆ ಹೇಳುತ್ತಾರೆ. ಆ ಮಾತು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಜ್ವರ ಬಂದು ಮಲಗಿದಾಗ ಒಂದಿಷ್ಟು ತಿಳಿಸಾರು, ಮೆತ್ತಗಿನ ಅನ್ನ ಕಟ್ಟಿಕೊಡಿ ಎಂದು ಫೋನಿನಲ್ಲಿ ಕೇಳುವಷ್ಟು ಸಲುಗೆ ಒಂದು ಮೆಸ್ಸಿನಲ್ಲಿಯಾದರೂ ನಿಮಗೆ ಇರಲಿ. ಹಾಗಿರುವ ಮೆಸ್ಸಿಗೆ ಒಂದೇ ಸಲ ತಿಂಗಳ ದುಡ್ಡು ಕಟ್ಟುವ ಮುನ್ನ ಒಂದು ವಾರ ದಿನದ ಲೆಕ್ಕದಲ್ಲಿ ತಿಂದು ನೋಡಿ, ಮುಖ್ಯವಾಗಿ ಭಾನುವಾರ ರಾತ್ರಿ ಏನು ಬಡಿಸುತ್ತಾರೆ ಎಂದು ನೋಡಿ. ಮೊದಲ ಸಂಬಳ ಬರುವ ಮುಂಚಿನ ದಿನಗಳಿಗೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಬೆಂಗಳೂರಿನಲ್ಲಿ ಆರಂಭವಾದ ಆ ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲಲು ಯಾರೂ ಸಂಕೋಚಪಡಬೇಕಾಗಿಲ್ಲ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು, ಬೆಂಗಳೂರಿನಲ್ಲಿ ನಮ್ಮ ಕಡೆಯ ಅಕ್ಕಿ ರೊಟ್ಟಿ, ಮುದ್ದೆ, ಬಸ್ಸಾರು ಸಿಗುವ ಜಾಗವನ್ನು ಹುಡುಕುವುದು ಹೇಗೆ ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಹಾಸನ, ತುಮಕೂರು, ಮಂಡ್ಯದ ಕಡೆಯಿಂದ ಹೋದವರು ಪೀಣ್ಯದ ಕಾರ್ಖಾನೆಗಳ ಸುತ್ತ, ತುಮಕೂರು ರಸ್ತೆ ಮತ್ತು ಮಾಗಡಿ ರಸ್ತೆಯ ಬಡಾವಣೆಗಳಲ್ಲಿ, ವಿಜಯನಗರದಲ್ಲಿ ಬಹಳ ಕಾಲದಿಂದ ನೆಲೆಸಿದ್ದಾರೆ. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಆ ಕಡೆಯ ಅಡ್ಡರಸ್ತೆಗಳಲ್ಲಿ ನಡೆದು ನೋಡಿ. ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮೇಜು ಹಾಕಿ ಗಂಡ ಹೆಂಡತಿ ನಡೆಸುವ ಮುದ್ದೆ ಊಟದ ಹೋಟೆಲುಗಳು ಕಾಣುತ್ತವೆ. ಬಸ್ಸಾರು ಯಾವ ಸೊಪ್ಪಿನದು ಎಂದು ಕೇಳಿ. ‘ಬೆಳಗ್ಗೆ ಮಾರ್ಕೆಟ್ಟಲ್ಲಿ ದಂಟು ಚೆನ್ನಾಗಿತ್ತಮ್ಮ, ಅದನ್ನೇ ಹಾಕಿದೀನಿ’ ಎಂಬಂಥ ಉತ್ತರ ಬಂದರೆ ಕುಳಿತುಕೊಳ್ಳಿ. ರಾತ್ರಿಯ ಮುದ್ದೆ ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.